ಬೂದಿ ತೊಟ್ಟಿಲು

ನಿಮ್ಮ ಮನೆಯಲ್ಲೂ ಆಗಿರುತ್ತೆ, ಇಲ್ಲ ಅನ್ನಬೇಡಿ. ಮಟಮಟ ಮಧ್ಯಾಹ್ನ, ಎಲ್ಲರೂ ಉಂಡು ಕೈತೊಳೆದು ಅಲ್ಲಲ್ಲೇ ಅಡ್ಡಾಗಿದ್ದೀರಿ. ಬೆಕ್ಕು ಬಂದಿಲ್ಲ, ಗಾಳಿ ಬೀಸಿಲ್ಲ, ಮಕ್ಕಳ ಕೈ ತಾಕಿಲ್ಲ. ಗೂಡಿನಲ್ಲಿ ತನ್ನ ಪಾಡಿಗೆ ಕೂತಿದ್ದ ಗಾಜಿನ ಲೋಟ ಠಳ್ಳೆಂದು ಒಡೆದುಹೋಗುತ್ತೆ. ದೃಷ್ಟಿ ತಾಕಿತು ಅನ್ನುತ್ತಾರೆ ಒಬ್ಬರು. ಮನೆಗೆ ಬರೋ ಪೀಡೆ ಲೋಟಕ್ಕೆ ಹೋಯ್ತು ಬಿಡಿ ಅನ್ನುತ್ತಾರೆ ಇನ್ನೊಬ್ಬರು. ನೀವು ಗುಡಿಸಿ ಎಸೆದು ಮರೆತುಬಿಡುತ್ತೀರಿ. ಹಾಗೆ ಮರೆಯಲಾಗದ ಊರೊಂದಿತ್ತು. ಕೂತುಕೊಳ್ಳಿ, ಹೇಳುತ್ತೇನೆ.

ಆ ಊರಿನ ಒಂದು ಮಗ್ಗುಲಿಗೆ ಬಿಳಿಗುಡ್ಡ, ಇನ್ನೊಂದು ಮಗ್ಗುಲಿಗೆ ಮರಳುಹೊಳೆ. ಹೆಸರಿಗೆ ಹೊಳೆ, ಒಂದು ತೊಟ್ಟು ನೀರೂ ಇಲ್ಲ. ಅದರಲ್ಲಿ ಹರಿಯುತ್ತಿದ್ದುದು ಮರಳೇ. ಸರಸರ ಹರಿಯುತ್ತಿತ್ತು. ಸೆಳವಿತ್ತು, ಸುಳಿಯಿತ್ತು, ಆಚೆ ದಡ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಮರಳನ್ನು ಮೊಗೆದು ತಂದು, ಕುಲುಮೆಯಲ್ಲಿ ಕರಗಿಸಿ, ಊದಿ, ಗಾಜು ಮಾಡುವುದೇ ಊರಿನವರ ಕಸುಬು. ಉಣ್ಣುವ ತಟ್ಟೆ ಗಾಜಿನದು, ಕುಡಿಯುವ ಲೋಟ ಗಾಜಿನದು, ಮಕ್ಕಳ ಗಿಲಕಿಯೂ ಗಾಜಿನದೇ. ಬೆಳಿಗ್ಗೆ ಬಿಸಿಲು ಬಿದ್ದರೆ ಊರಿಗೆ ಊರೇ ಮಿನುಗುತ್ತಿತ್ತು.

ಗಾಜನ್ನು ಆರಿಸುವುದು ಹೇಗೆ ಅಂತ ಆ ಊರಿನ ಕೂಸಿಗೂ ಗೊತ್ತಿತ್ತು. ಕುಲುಮೆಯ ಪಕ್ಕದಲ್ಲಿ ಉದ್ದನೆಯ ಕುಣಿ, ಕುಣಿಯ ತುಂಬ ಬಿಸಿಬೂದಿ. ಅದನ್ನು ಬೂದಿ ತೊಟ್ಟಿಲು ಅನ್ನುತ್ತಿದ್ದರು. ಊದಿದ ಗಾಜನ್ನು ಆ ಬೂದಿಯಲ್ಲಿ ಹುಗಿದು, ಅದು ತಾನಾಗಿ ಆರುವ ತನಕ ಮಲಗಿಸಬೇಕು. ಅವಸರ ಮಾಡಿದರೆ ಮೈ ಮಾತ್ರ ತಣ್ಣಗಾಗುತ್ತೆ, ಒಳಗು ಆಗುವುದಿಲ್ಲ. ಲೋಟ, ಬಟ್ಟಲು, ಸಂತೆಗೆ ಒಯ್ಯುವ ಸಾಮಾನು, ಎಲ್ಲವನ್ನೂ ಹಾಗೇ ಆರಿಸುತ್ತಿದ್ದರು. ಒಂದೇ ಒಂದನ್ನು ಬಿಟ್ಟು.

ಆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅದೇ ದಿನ ಅವರ ಹೆಸರಿನ ಹೂಜಿ ಊದಬೇಕು. ಕತ್ತು ಸಣ್ಣ, ಹೊಟ್ಟೆ ದಪ್ಪ, ಕುಡಿಯುವ ನೀರಿಡುವ ಹೂಜಿ. ಕುಲುಮೆಯವನು ಕೆಂಪಗೆ ಕಾದ ಗಾಜಿನ ಉಂಡೆಯನ್ನು ಊದುಗೊಳವೆಯ ತುದಿಗೆ ಸುತ್ತಿ ಕೊಡುತ್ತಿದ್ದ, ಸತ್ತವರಿಗೆ ಹತ್ತಿರದವರು ತಮ್ಮ ಉಸಿರು ಊದುತ್ತಿದ್ದರು. ಆಮೇಲೆ ಅದನ್ನು ಬೂದಿ ತೊಟ್ಟಿಲಲ್ಲಿ ಮಲಗಿಸುತ್ತಿದ್ದರು. ಆದರೆ ಹೊತ್ತು ಮುಳುಗುವುದರೊಳಗೆ ಆ ಹೂಜಿ ಮನೆಯ ಗೋಡೆಯ ಮೇಲಿನ ಹಲಗೆ ಏರಲೇಬೇಕು. ಸಾವು ರಾತ್ರಿಗೆ ಉಳಿಯಬಾರದು, ಅದು ಕಟ್ಟಳೆ. ಬಿಸಿಲು ಕೆಂಪಾಗುತ್ತಿದ್ದಂತೆ ಕುಲುಮೆಯವನು ಬೂದಿ ಕೆದಕಿ ಹೂಜಿಯನ್ನು ಇಕ್ಕಳದಲ್ಲಿ ಎತ್ತಿ ಹಿಡಿಯುತ್ತಿದ್ದ. ಹತ್ತಿರದವರು ಮುಂದೆ ಬಂದು, ಬಲ ಅಂಗೈಯನ್ನು ಹೂಜಿಯ ಹೊಟ್ಟೆಗೆ ಒತ್ತಿ, ಎಲ್ಲರಿಗೂ ಕೇಳುವಂತೆ ಹೇಳಬೇಕು: "ತಣ್ಣಗಿದೆ."

ನೆರೆದವರೆಲ್ಲ ಅನ್ನುತ್ತಿದ್ದರು: "ತಣ್ಣಗಿರಲಿ."

ಅಲ್ಲಿಗೆ ಮುಗಿಯಿತು. ಹೂಜಿ ಮನೆಗೆ ಬಂದು ಹಲಗೆ ಏರುತ್ತಿತ್ತು, ಅದಕ್ಕೆ ನೀರು ತುಂಬುತ್ತಿದ್ದರು, ಮನೆಯವರು ಆ ನೀರು ಕುಡಿದು ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದರು. ಸತ್ತವರ ಹೆಸರನ್ನು ಮತ್ತೆ ಯಾರೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾಗಿ ಬಂದರೆ 'ಹಲಗೆಯವರು' ಅನ್ನುತ್ತಿದ್ದರು, ಅಷ್ಟೇ. ಆ ಊರಿನಲ್ಲಿ ದೊಡ್ಡವರು ಅನ್ನಿಸಿಕೊಂಡ ಪ್ರತಿಯೊಬ್ಬರ ಬಲ ಅಂಗೈಯಲ್ಲೂ ಒಂದು ಬಿಳಿಯ ಕಲೆ ಇತ್ತು. ಕೆಲವರಿಗೆ ಎರಡು, ಮುದುಕರಿಗೆ ಇನ್ನೂ ಹೆಚ್ಚು. ಅದು ಎಲ್ಲಿಂದ ಬಂತು ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಕೈತಪ್ಪಿ ಹೂಜಿ ಒಡೆದರೆ ದೋಷವಿಲ್ಲ. ಆದರೆ ಯಾರೂ ಮುಟ್ಟದೆ ತಾನಾಗಿ ಒಡೆದರೆ ಆ ಮನೆಯಲ್ಲಿ ಬಿಸಿಗೈಯವರು ಇದ್ದಾರೆ ಅಂತ ಅರ್ಥ. ಹೋದವರನ್ನು ಹಲಗೆಯ ಮೇಲೆ ನೆಮ್ಮದಿಯಾಗಿ ಇರಲು ಬಿಡದವರು, ಬಾಯಲ್ಲಿ ತಣ್ಣಗಿದೆ ಅಂದು ಒಳಗೆ ಬೆಂಕಿ ಇಟ್ಟುಕೊಂಡವರು. ಅಂಥವರು ಅದೇ ದಿನ, ಹೊತ್ತು ಮುಳುಗುವುದರೊಳಗೆ, ಮರಳುಹೊಳೆ ದಾಟಿ ಹೋಗಬೇಕಿತ್ತು. ಇಳಿದವರನ್ನು ಊರು ನೋಡಿತ್ತು, ದಾಟಿದವರನ್ನು ನೋಡಿರಲಿಲ್ಲ.

ಈಗ ಕತೆಗೆ ಬರೋಣ. ಊರಿನ ಕೊನೆಯ ಬೀದಿಯಲ್ಲಿ ಒಂದು ಮನೆ. ಮನೆಯಲ್ಲಿ ಅತ್ತೆ, ಸೊಸೆ, ಕಿವಿಗೆ ಇನ್ನೂ ಓಲೆ ಚುಚ್ಚಿಸದ ಮೊಮ್ಮಗಳು.

ಅತ್ತೆ ಗಟ್ಟಿಗಿತ್ತಿ. ಮೂಗಿನ ತುದಿಯಲ್ಲೇ ಸಿಟ್ಟು, ನಾಲಿಗೆ ಸ್ವಲ್ಪ ಹರಿತ. ಗಂಡ ತೀರಿಕೊಂಡ ದಿನ ತಣ್ಣಗಿದೆ ಅಂದವಳೇ ಮನೆಗೆ ಬಂದು ರೊಟ್ಟಿ ತಟ್ಟಿದ್ದಳು. ಸುಟ್ಟ ಅಂಗೈಯಲ್ಲಿ ರೊಟ್ಟಿ ತಟ್ಟುವುದು ಎಂಥದ್ದು ಅಂತ ರೊಟ್ಟಿ ತಟ್ಟಿದವರಿಗೆ ನಾನು ಹೇಳಬೇಕಾಗಿಲ್ಲ. ಊರಿನ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಅವಳನ್ನು ತೋರಿಸಿ, ಇದ್ದರೆ ಹಾಗಿರಬೇಕು ನೋಡಿ ಅನ್ನುತ್ತಿದ್ದರು. ಅದು ಅವಳ ಕಿವಿಗೂ ಬೀಳುತ್ತಿತ್ತು, ಬಿದ್ದರೆ ಬೇಜಾರೇನೂ ಆಗುತ್ತಿರಲಿಲ್ಲ.

ಅವಳಿಗೆ ಒಬ್ಬನೇ ಮಗ. ಮರಳು ಮೊಗೆಯುವವನು. ಮೊಮ್ಮಗಳು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ, ಒಂದು ಬೆಳಿಗ್ಗೆ, ಹೊಳೆಯ ಸುಳಿ ಅವನನ್ನು ಎಳೆದುಕೊಂಡಿತು. ಮೈ ಸಿಗಲಿಲ್ಲ. ಬುಟ್ಟಿ ಸಿಕ್ಕಿತು. ಬುಟ್ಟಿಯಲ್ಲಿ ಅವನು ಮೊಗೆದಿದ್ದ ಕಡೆಯ ಮರಳಿತ್ತು. ಅದರಿಂದಲೇ ಅವನ ಹೂಜಿ ಮಾಡಿದರು. ಸೊಸೆ ಕಣ್ಣು ಮುಚ್ಚಿ ಉಸಿರು ಊದಿದಳು. ಸಂಜೆ ಕುಲುಮೆಯವನು ಹೂಜಿಯನ್ನು ಎತ್ತಿ ಹಿಡಿದ. ಸೊಸೆ ಮುಂದೆ ಬಂದು ಕೈ ಚಾಚಿದಳು. ಚಾಚಿದ ಕೈ ಹೂಜಿಗೆ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು.

ಊರು ಕಾಯಿತು. ಹೊತ್ತು ಗುಡ್ಡದ ನೆತ್ತಿಗೆ ತಾಕಿತು. ಕೈ ಅಲ್ಲೇ ಇತ್ತು. ಜನ ಮುಖ ಮುಖ ನೋಡಿಕೊಂಡರು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಮಾನ ಕಳೆಯುತ್ತಾಳಲ್ಲ ಇವಳು ಅಂದುಕೊಂಡು ಸೊಸೆಯನ್ನು ಪಕ್ಕಕ್ಕೆ ನೂಕಿ, ತಾನೇ ಮುಂದೆ ಹೋಗಿ, ಅಂಗೈ ಒತ್ತಿ, ಗಟ್ಟಿ ದನಿಯಲ್ಲಿ ಹೇಳಿದಳು: "ತಣ್ಣಗಿದೆ."

"ತಣ್ಣಗಿರಲಿ," ಅಂದಿತು ಊರು.

ಅವತ್ತಿನಿಂದ ಅತ್ತೆಯ ಅಂಗೈಯಲ್ಲಿ ಎರಡು ಕಲೆ, ಸೊಸೆಯ ಅಂಗೈಯಲ್ಲಿ ಒಂದೂ ಇಲ್ಲ. ಅತ್ತೆಗೆ ಸೊಸೆಯ ಮೇಲೆ ಸಿಟ್ಟಿತ್ತು, ಮುಚ್ಚಿಡುವುದೇನು. ಗಂಡನ ಹೂಜಿ ಮುಟ್ಟದವಳು, ಎಂಥ ಹೆಂಡತಿ ಇವಳು? ಒಂದೇ ಸೂರು, ಒಂದೇ ಒಲೆ, ಆದರೂ ಬೇಕಾದ ಮಾತು ಬಿಟ್ಟರೆ ಹೆಚ್ಚಿನದು ಒಂದೂ ಆಡುತ್ತಿರಲಿಲ್ಲ. ಸೊಸೆಯೂ ಎದುರಾಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹಲಗೆಯ ಮೇಲಿನ ಹೂಜಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬಟ್ಟೆಯಲ್ಲೇ, ಬರಿಗೈಯಲ್ಲಿ ಅಲ್ಲ. ಅದನ್ನೂ ಅತ್ತೆ ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಹೀಗೆ ಕಾಲ ಹೋಯಿತು. ಮೊಮ್ಮಗಳು ಮಾತು ಕಲಿತಳು, ಪ್ರಶ್ನೆ ಕಲಿತಳು. "ಅಜ್ಜಿ, ನಿನ್ನ ಕೈಯಲ್ಲಿ ಇದೇನು?" ಅಂತ ಒಮ್ಮೆ ಕೇಳಿದಳು. "ಏನಿಲ್ಲ, ಹೋಗಿ ಆಡ್ಕೋ ಹೋಗು," ಅಂದಳು ಅಜ್ಜಿ.

ಆ ದಿನ ಬಿಸಿಲು ನೆತ್ತಿಗೇರಿತ್ತು. ಸೊಸೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅತ್ತೆ ನಡುಮನೆಯಲ್ಲಿ ಕಾಲು ನೀಡಿ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು. ಹಲಗೆಯ ಮೇಲೆ ಎರಡು ಹೂಜಿ, ಗಂಡನದು ಒಂದು, ಮಗನದು ಒಂದು. ಒಂದು ನೊಣವೂ ಹಾರುತ್ತಿರಲಿಲ್ಲ.

ಠಳ್!

ಏನು ಸದ್ದು ಅಂತೀರಿ! ಮಗನ ಹೂಜಿ ಚೂರಾಗಲಿಲ್ಲ, ಪುಡಿಯಾಯಿತು. ಕಲ್ಲುಸಕ್ಕರೆ ಸುರಿದ ಹಾಗೆ ಸಣ್ಣ ಸಣ್ಣ ಹರಳು ಹಲಗೆಯಿಂದ ನೆಲಕ್ಕೆ ಸುರಿದವು, ಸುರಿಯುತ್ತಲೇ ಇದ್ದವು, ಒಂದು ಹೂಜಿಯಲ್ಲಿ ಅಷ್ಟು ಗಾಜು ಇರಲು ಸಾಧ್ಯವೇ ಇಲ್ಲ ಅನ್ನುವಷ್ಟು. ನೀರು ನೆಲಕ್ಕೆ ಬಿತ್ತು, ಬಿದ್ದ ನೀರಿನಿಂದ ಹಬೆ ಎದ್ದಿತು. ಆಮೇಲೆ ಒಂದು ಗಾಳಿ ಬಂತು. ಬಾಗಿಲಿನಿಂದ ಅಲ್ಲ, ಕಿಟಕಿಯಿಂದ ಅಲ್ಲ, ಹಲಗೆಯಿಂದ. ಬಿಸಿಯಾದ, ಒದ್ದೆಯಾದ, ಯಾರೋ ತುಂಬ ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಂಥ ಗಾಳಿ. ಅದು ನಡುಮನೆಯನ್ನು ಒಂದು ಸುತ್ತು ಹಾಕಿ, ಮುದುಕಿಯ ಕೆನ್ನೆ ಸವರಿ, ಹೊರಗೆ ಹೋಯಿತು.

"ಅಜ್ಜಿ," ಅಂದಳು ಮೊಮ್ಮಗಳು ಪಿಸುದನಿಯಲ್ಲಿ, "ಯಾರು ಬಂದಿದ್ದು?"

ಅತ್ತೆ ಬಗ್ಗಿ ಒಂದು ಹರಳು ಎತ್ತಿಕೊಂಡಳು. ಹರಳು ಬಿಸಿಯಿತ್ತು. ಅಷ್ಟು ವರ್ಷ ಹಲಗೆಯ ಮೇಲಿದ್ದು, ದಿನಾ ತಣ್ಣೀರು ತುಂಬಿಸಿಕೊಂಡ ಗಾಜು ಇವತ್ತು ಒಲೆಯಿಂದ ತೆಗೆದಷ್ಟು ಬಿಸಿಯಿತ್ತು. ಅವಳ ಅಂಗೈಯ ಕಲೆ ಚುರ್ರೆಂದಿತು. ಅವಳಿಗೆ ಏನೋ ತಿಳಿಯಿತು. ತಿಳಿದದ್ದನ್ನು ತಕ್ಷಣ ಮುಷ್ಟಿ ಕಟ್ಟಿ ಮುಚ್ಚಿಕೊಂಡಳು.

ಆ ಸದ್ದು ಊರಿಗೆಲ್ಲ ಕೇಳಿತ್ತು. ತಾನಾಗಿ ಒಡೆದ ಹೂಜಿಯ ಸದ್ದನ್ನು ಆ ಊರಿನ ಕಿವಿ ಯಾವತ್ತೂ ತಪ್ಪು ತಿಳಿಯುತ್ತಿರಲಿಲ್ಲ. ಎಲ್ಲ ಮನೆಯ ಒಲೆಗೂ ನೀರು ಚೆಲ್ಲಿ ಜನ ಬಂದರು. ಅಂಗಳ ತುಂಬಿತು. ಹರಳುಗಳನ್ನು ಯಾರೂ ಗುಡಿಸುವಂತಿಲ್ಲ, ದಾಟುವಂತಿಲ್ಲ. ಹೊಸಿಲಿನ ಹೊರಗೆ ನಿಂತರು. ಹಿರಿಯಮ್ಮನಿಗೆ ದಾರಿ ಬಿಟ್ಟರು.

ಹಿರಿಯಮ್ಮ ಅಂದರೆ ಊರಿಗೆಲ್ಲ ಹಿರಿಯಳು, ಕಟ್ಟಳೆಗಳನ್ನು ಬಾಯಲ್ಲಿ ಇಟ್ಟುಕೊಂಡವಳು. ಅವಳ ಬಲಗೈ ಯಾವಾಗಲೂ ಸೆರಗಿನ ಒಳಗೇ ಇರುತ್ತಿತ್ತು. ಆ ಕೈ ಕಂಡವರು ಬದುಕಿದ್ದವರಲ್ಲಿ ಯಾರೂ ಇರಲಿಲ್ಲ. ಅವಳು ಹೊಸಿಲಿನ ಮೇಲೆ ಕೂತಳು.

"ಮನೆಯವರೆಲ್ಲ ಕೈ ತೋರಿಸಿ," ಅಂದಳು.

ಅತ್ತೆ ಹರಳನ್ನು ಎಡಮುಷ್ಟಿಗೆ ಸರಿಸಿ ಬಲಗೈ ತೋರಿಸಿದಳು. ಎರಡು ಕಲೆ. ಹಿತ್ತಲಿಂದ ಒದ್ದೆ ಕೈಯಲ್ಲೇ ಬಂದ ಸೊಸೆ ಕೈ ತೋರಿಸಿದಳು. ಆ ಅಂಗೈ ಆಗ ತಾನೇ ತೊಳೆದಿಟ್ಟ ತಟ್ಟೆಯಂತೆ ಇತ್ತು. ಅಂಗಳದಲ್ಲಿ ಗುಜುಗುಜು ಎದ್ದಿತು.

"ನಾನು ಅವತ್ತೇ ಅಂದೆ," ಅಂದಳು ಎದುರುಮನೆಯವಳು, ಸೊಂಟದ ಮೇಲೆ ಕೈಯಿಟ್ಟುಕೊಂಡು. "ತಣ್ಣಗಿದೆ ಅನ್ನದ ಬಾಯಿ ಮನೇಲಿದ್ರೆ ಗಾಜು ನಿಲ್ಲೋದುಂಟಾ? ಇಷ್ಟು ದಿನ ನಿಂತಿದ್ದೇ ಹೆಚ್ಚು."

"ನೀನು ಸುಮ್ನಿರು," ಅಂದಳು ಹಿರಿಯಮ್ಮ. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಕಟ್ಟಳೆ ನಾನು ಮಾಡಿದ್ದಲ್ಲ ತಾಯಿ, ನನ್ನ ಕಾಲಕ್ಕಿಂತ ಹಿಂದಿನದು. ಈ ಮನೆಗೆ ದೊಡ್ಡವಳು ನೀನು. ನಿನ್ನ ಬಾಯಿಂದಲೇ ಬರಬೇಕು. ಬಿಸಿಗೈ ಯಾರದು?"

ಅತ್ತೆಯ ಮುಷ್ಟಿಯಲ್ಲಿ ಹರಳು ಇನ್ನೂ ಬಿಸಿಯಿತ್ತು. ಅವಳು ಸೊಸೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಸೊಸೆ ಹೋದರೆ ಮೊಮ್ಮಗಳು ತನಗೆ ಉಳಿಯುತ್ತಾಳೆ. ಮನೆಯ ಹೆಸರು ಉಳಿಯುತ್ತೆ. ಅಷ್ಟು ವರ್ಷದ ಸಿಟ್ಟಿಗೂ ಒಂದು ದಡ ಸಿಗುತ್ತೆ. ಅಯ್ಯೋ, ಮನುಷ್ಯರ ಮನಸ್ಸು! ಒಂದು ಕಡೆ ಕೈ ಸುಡುತ್ತಿದ್ದರೂ ಇನ್ನೊಂದು ಕಡೆ ಲೆಕ್ಕ ಹಾಕುತ್ತಲೇ ಇರುತ್ತೆ.

"ಇವಳದು," ಅಂದಳು ಅತ್ತೆ.

ಸೊಸೆ ತಲೆಯೆತ್ತಿ ಒಂದು ಸಲ ನೋಡಿದಳು. ಅಳಲಿಲ್ಲ, ಬೇಡಲಿಲ್ಲ. ಮಗಳ ಅರ್ಧ ಬಾಚಿದ ಕೂದಲನ್ನು ಕೈಗೆತ್ತಿಕೊಂಡು, ಜಡೆ ಪೂರ್ತಿ ಹೆಣೆದು, ತುದಿಗೆ ದಾರ ಕಟ್ಟಿದಳು.

ಬಿಸಿಗೈಯವರನ್ನು ಮನೆಯ ಹಿರಿಯರೇ ಕೈಹಿಡಿದು ಹೊಳೆಯ ತನಕ ಕರೆದೊಯ್ಯಬೇಕು. ದಡದಲ್ಲಿ ಕೈಬಿಟ್ಟು 'ತಣ್ಣಗಿದೆ' ಅನ್ನಬೇಕು. ಊರು 'ತಣ್ಣಗಿರಲಿ' ಅಂದ ಮೇಲೆ ಅವರು ಇಳಿಯಬೇಕು. ಹಾಗೇ ಹೊರಟರು. ಮುಂದೆ ಅತ್ತೆ ಸೊಸೆ, ಹಿಂದೆ ಹಿರಿಯಮ್ಮ, ಅದರ ಹಿಂದೆ ಊರು. ಮೊಮ್ಮಗಳು ಅಮ್ಮನ ಸೆರಗು ಹಿಡಿದು ಓಡಿ ಬಂದಳು.

"ಅಜ್ಜಿ, ಅಮ್ಮ ಎಲ್ಲಿಗೆ ಹೋಗ್ತಾಳೆ?"

"ಆಚೆ ದಡಕ್ಕೆ."

"ಯಾವಾಗ ಬರ್ತಾಳೆ?"

ಅಜ್ಜಿ ಹೆಜ್ಜೆ ಬಿರುಸು ಮಾಡಿದಳು. ಎದುರುಮನೆಯವಳು ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಮಗು ಅಳಲು ಶುರುಮಾಡಿತು. ಆ ಅಳು ಬೀದಿಯುದ್ದಕ್ಕೂ ಅವರ ಹಿಂದೆಯೇ ಬಂತು.

ಅತ್ತೆ ನಡೆಯುತ್ತಿದ್ದಳು. ಅವಳ ಕೈಯೊಳಗೆ ಸೊಸೆಯ ಕೈ. ಆಗ ಅವಳಿಗೆ ಹೊಳೆಯಿತು, ಮದುವೆಯ ದಿನ ಮನೆ ತುಂಬಿಸಿಕೊಂಡಾಗ ಹಿಡಿದದ್ದು ಬಿಟ್ಟರೆ ಈ ಕೈಯನ್ನು ತಾನು ಹಿಡಿದೇ ಇಲ್ಲ. ಒದ್ದೆಯಾಗಿತ್ತು, ತಂಪಾಗಿತ್ತು, ಬಟ್ಟೆ ಒಗೆದ ಅಂಟುವಾಳದ ವಾಸನೆ ಇತ್ತು. ಬಿಸಿಗೈ ಅಂದೆನಲ್ಲ, ಎಲ್ಲಿದೆ ಬಿಸಿ?

ದಡ ಬಂತು. ಮರಳು ಸರಸರ ಹರಿಯುತ್ತಿತ್ತು. ಹೊತ್ತು ಗುಡ್ಡದ ನೆತ್ತಿಗೆ ಇಳಿಯುತ್ತಿತ್ತು.

"ಅತ್ತೆ," ಅಂದಳು ಸೊಸೆ ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ. "ಮಗು ನನ್ನ ಕಿವಿ ಹಿಡ್ಕೊಂಡೇ ಮಲಗೋದು. ಇನ್ಮೇಲೆ ನಿಮ್ಮ ಕಿವಿ ಹಿಡಿಯುತ್ತೆ. ನೋವಾಗುತ್ತೆ ಅಂತ ಬಿಡಿಸಬೇಡಿ. ನಿದ್ದೆ ಹತ್ತಿದ ಮೇಲೆ ತಾನೇ ಬಿಡುತ್ತೆ."

ಕಿವಿ! ಅತ್ತೆಯ ಮಗನೂ ಹಾಗೇ ಮಲಗುತ್ತಿದ್ದ. ಅಂಗೈಯಷ್ಟಗಲದ ಕೂಸು, ಅವಳ ಎಡಗಿವಿಯ ಓಲೆಯ ಕೆಳಗೆ ಬೆರಳು ಸಿಕ್ಕಿಸಿಕೊಂಡು, ಎಳೆದೂ ಎಳೆದೂ ತೂತು ದೊಡ್ಡದು ಮಾಡಿದ್ದ. ಈಗಲೂ ಆ ಕಿವಿಯ ಓಲೆ ಜೋತೇ ಬೀಳುತ್ತಿತ್ತು. ದಿನಾ ಓಲೆ ಸರಿಮಾಡಿಕೊಳ್ಳುವಾಗ ಯಾಕೆ ಜೋತಿದೆ ಅಂತ ಅವಳು ಒಮ್ಮೆಯೂ ನೆನೆದಿರಲಿಲ್ಲ. ನೆನೆಯಬಾರದಿತ್ತು. ತಣ್ಣಗಿದೆ ಅಂದಾಗಿತ್ತಲ್ಲ.

"ಮತ್ತೆ, ಅತ್ತೆ," ಅಂದಳು ಸೊಸೆ. "ನಿಮ್ಮ ಕೈ ಸುಡ್ತಿದೆ."

ಹಿಂದಿನಿಂದ ಹಿರಿಯಮ್ಮನ ದನಿ ಬಂತು. "ಹೊತ್ತಾಯಿತು. ಕೈಬಿಟ್ಟು ಮಾತು ಹೇಳು."

ಅತ್ತೆ ಕೈಬಿಡಲಿಲ್ಲ. ಬಾಯಿ ತೆರೆದಳು. ಆ ಮಾತು ಅವಳ ನಾಲಿಗೆಗೆ ರೂಢಿಯಾಗಿದ್ದ ಮಾತು, ಎರಡು ಸಲ ಆಡಿದ್ದ ಮಾತು. ಇವತ್ತು ಬೇರೊಂದು ಮಾತು ಅದನ್ನು ನೂಕಿಕೊಂಡು ಬಂತು.

"ಬಿಸಿಯಿತ್ತು," ಅಂದಳು.

ಆ ಮಾತನ್ನು ಆ ದಡ ಅದುವರೆಗೆ ಕೇಳಿರಲಿಲ್ಲ.

"ಏನಂದೆ?" ಅಂದಳು ಹಿರಿಯಮ್ಮ.

"ಬಿಸಿಯಿತ್ತು, ಹಿರಿಯಮ್ಮ. ನನ್ನ ಮಗನ ಹೂಜಿ ಅವತ್ತು ಬಿಸಿಯಿತ್ತು. ಚರ್ಮ ಅಂಟಿಕೊಂಡು ಬಂತು. ತಣ್ಣಗಿದೆ ಅಂದೆ. ಅವರಪ್ಪನದೂ ಬಿಸಿಯಿತ್ತು. ತಣ್ಣಗಿದೆ ಅಂದೆ, ಅಂದು ರೊಟ್ಟಿ ತಟ್ಟಿದೆ. ಇವಳೊಬ್ಬಳು ಸುಳ್ಳು ಹೇಳಲಿಲ್ಲ. ಇವಳನ್ನು ತಂದು ಇಲ್ಲಿ ನಿಲ್ಲಿಸಿದ್ದೀನಿ ನಾನು, ಪಾಪಿಷ್ಠೆ."

ಹಿರಿಯಮ್ಮನ ಮುಖ ಕಲ್ಲಾಯಿತು. "ಹಾಗಾದರೆ ಬಿಸಿಗೈ ನಿನ್ನದು. ನೀನೇ ಇಳಿ."

"ಇಳೀತೀನಿ," ಅಂದಳು ಅತ್ತೆ. ಸೊಸೆಯ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ. "ನನಗೇನು ಹೆದರಿಕೆಯಾ? ಒಂದು ಕೇಳ್ತೀನಿ, ಹೇಳಿ ಆಮೇಲೆ ಇಳಿಸಿ. ಗಾಜು ತಣ್ಣಗಿದ್ದರೆ ಇದು ಸುಟ್ಟಿದ್ದು ಹೇಗೆ?" ಅವಳು ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನಿಮ್ಮ ನಿಮ್ಮ ಕೈ ನೋಡಿಕೊಳ್ಳಿ. ಇನ್ನೊಬ್ಬರಿಗೆ ತೋರಿಸೋದು ಬೇಡ. ನೀವೇ ನೋಡಿಕೊಳ್ಳಿ."

ಜನ ನೋಡಿಕೊಂಡರು. ಒಬ್ಬೊಬ್ಬರಾಗಿ ತಲೆ ತಗ್ಗಿಸಿ ತಮ್ಮ ತಮ್ಮ ಅಂಗೈ ನೋಡಿಕೊಂಡರು, ಆವತ್ತು ತಾನೇ ಆ ಕೈ ತಮಗೆ ಮೂಡಿದ ಹಾಗೆ.

ಆಗ ಅತ್ತೆ ಹೊಳೆಯ ಕಡೆ ತಿರುಗಿದಳು. ಬಾಯಿಗೆ ಎರಡೂ ಕೈ ಗೂಡು ಮಾಡಿಕೊಂಡಳು, ಹಿಡಿದಿದ್ದ ಸೊಸೆಯ ಕೈಯೂ ಅದರ ಜೊತೆಗೇ ಬಂತು. ಊಟಕ್ಕೆ ಹೊತ್ತಾದಾಗ ಮೊದಲೆಲ್ಲ ಮಗನನ್ನು ಕೂಗುತ್ತಿದ್ದ ಹಾಗೆ ಕೂಗಿದಳು.

"ಚೆಲುವಾ! ಏ ಚೆಲುವಾ!"

ಹಲಗೆ ಏರಿದವರ ಹೆಸರು ಆ ಊರಿನ ಬಯಲಿನಲ್ಲಿ ಕೇಳಿದ್ದು ಅದೇ ಮೊದಲು. ಹೆಸರು ಹೊಳೆಯ ಮೇಲೆ ಹೋಯಿತು. ಹೋಗಿ ಕಾಣದ ದಡಕ್ಕೆ ತಾಕಿ ತಿರುಗಿ ಬಂತು. ಬರುವಾಗ ಒಂದೇ ಬರಲಿಲ್ಲ. ಊರಿನೊಳಗಿನಿಂದ ಒಂದು ನಾದ ಎದ್ದಿತು. ಮೊದಲು ಸಣ್ಣಗೆ, ಒದ್ದೆ ಬೆರಳಿನಲ್ಲಿ ಲೋಟದ ಅಂಚು ಸವರಿದಂತೆ. ಆಮೇಲೆ ದೊಡ್ಡದಾಯಿತು. ಪ್ರತಿ ಮನೆಯ ಹಲಗೆಯ ಮೇಲೆ, ಪ್ರತಿ ಹೂಜಿಯೂ ತನ್ನ ತನ್ನ ಶ್ರುತಿಯಲ್ಲಿ ಮಿಡಿಯುತ್ತಿತ್ತು. ಗಂಡಸರ ದನಿಯವು, ಹೆಂಗಸರ ದನಿಯವು, ಕೂಸುಗಳ ದನಿಯವು. ಅಷ್ಟು ವರ್ಷ ಒಳಗೇ ಇದ್ದದ್ದೆಲ್ಲ ನಾದವಾಗಿ ಬಂದು ದಡದ ಮೇಲೆ ನಿಂತಿತು. ಕೇಳಿದವರ ಮೈಮೇಲೆ ಮುಳ್ಳು ಎದ್ದವು. ಹರಿಯುವ ಮರಳು ಅಂದು, ಆ ಒಂದು ಗಳಿಗೆ, ಹರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಿತು.

ಹಿರಿಯಮ್ಮ ನೆಲಕ್ಕೆ ಕೂತಳು. ಸೆರಗಿನೊಳಗಿನಿಂದ ಬಲಗೈ ಹೊರತೆಗೆದು ಮಡಿಲಲ್ಲಿ ಬಿಚ್ಚಿಟ್ಟುಕೊಂಡಳು. ಆ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಕಲೆಯ ಮೇಲೆ ಕಲೆ, ಕಲೆಯ ಮೇಲೆ ಕಲೆ, ಚರ್ಮ ಅನ್ನುವುದೇ ಉಳಿದಿರಲಿಲ್ಲ. ನಡುವಿನಲ್ಲಿ ಒಂದು ಕಲೆ ತುಂಬ ಚಿಕ್ಕದು, ಕೂಸಿನ ಹೂಜಿಯ ಅಳತೆಯದು.

"ಪುಟ್ಟಗೌರಿ," ಅಂದಳು ಹಿರಿಯಮ್ಮ. ಹಲ್ಲಿಲ್ಲದ ಬಾಯಲ್ಲಿ ಆ ಹೆಸರನ್ನು ಅಂದು, ಸರಿಯಾಗಿ ಬಂತೋ ಇಲ್ಲವೋ ಅನ್ನುವ ಹಾಗೆ ಇನ್ನೊಂದು ಸಲ ಅಂದಳು. "ಪುಟ್ಟಗೌರಿ. ಮೊದಲನೇ ಕೂಸು. ಬಿಸಿಯಿತ್ತು, ಕಣಮ್ಮ. ತುಂಬ ಬಿಸಿಯಿತ್ತು."

ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು. ಯಾರು ಮೊದಲು, ಯಾರು ಆಮೇಲೆ ಅಂತ ಹೇಳಲಾರೆ. ಎಲ್ಲರ ಬಾಯಲ್ಲೂ ಹೆಸರುಗಳು. ಕುಲುಮೆಯವನು ತನ್ನ ತಮ್ಮನ ಹೆಸರು ಕೂಗಿದ. ಎಷ್ಟೋ ಜನರ ಹೂಜಿ ಊದಿಸಿದ್ದ ಕೈಯವನು, ಗಂಡಸು, ಮಗುವಿನಂತೆ ಬಿಕ್ಕುತ್ತಿದ್ದ. ಎದುರುಮನೆಯವಳ ಸೊಂಟದಿಂದ ಮೊಮ್ಮಗಳು ಜಾರಿ ಇಳಿದು, ಓಡಿ ಬಂದು, ಅಮ್ಮನ ಕಾಲು ತಬ್ಬಿಕೊಂಡಳು. ಈ ಗದ್ದಲದಲ್ಲಿ ಹೊತ್ತು ಮುಳುಗಿತು. ಯಾರೂ ಹೊಳೆಗೆ ಇಳಿದಿರಲಿಲ್ಲ. ಹೊತ್ತು ಮುಳುಗಿದ್ದನ್ನೇ ಯಾರೂ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಊರಿಗೆ ಊರೇ ತಮ್ಮ ತಮ್ಮ ಹಲಗೆಯ ಹೂಜಿಗಳನ್ನು ಇಳಿಸಿತು. ಬಾಣಂತಿಯನ್ನು ನಡೆಸಿಕೊಂಡು ಬರುವ ಹಾಗೆ, ಎದೆಗೆ ಆನಿಸಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಕುಲುಮೆಗೆ ನಡೆದರು. ಎಲ್ಲವೂ ತಲುಪಿದವು ಅಂತ ನಾನು ಸುಳ್ಳು ಹೇಳುವುದಿಲ್ಲ. ಕೆಲವು ದಾರಿಯಲ್ಲೇ ಠಳ್ಳೆಂದವು. ಎದುರುಮನೆಯವಳ ತೋಳಿನಲ್ಲೇ ಅವಳ ಅಕ್ಕನ ಹೂಜಿ ಪುಡಿಯಾಯಿತು. ಅವಳು ಬೀದಿಯ ನಡುವೆ ಕುಕ್ಕರುಗಾಲಿನಲ್ಲಿ ಕೂತು ಲಬೋ ಲಬೋ ಅಂತ ಬಾಯಿ ಬಡಿದುಕೊಂಡಳು. ಅತ್ತೆ ಹೋಗಿ ಅವಳ ಪಕ್ಕದಲ್ಲಿ ಕೂತಳು. "ಅಳು," ಅಂದಳು. "ನನಗೇನೂ ಅವಸರವಿಲ್ಲ." ಅಳು ಮುಗಿದ ಮೇಲೆ ಇಬ್ಬರೂ ಸೇರಿ ಹರಳು ಹೆಕ್ಕಿದರು.

ಇಷ್ಟು ಹೂಜಿ ಮಲಗಿಸಲು ಬೂದಿ ಸಾಲದು ಅಂದ ಕುಲುಮೆಯವನು. ಮನೆ ಮನೆಯ ಒಲೆಯಿಂದ ಮೊರಗಟ್ಟಲೆ ಬೂದಿ ಬಂತು. ಕುಣಿಯನ್ನು ಅಗೆದರು, ಉದ್ದ ಮಾಡಿದರು, ಬಿಳಿಗುಡ್ಡದ ಬುಡದ ತನಕ ಹೋಯಿತು ಅದು. ಹೂಜಿಗಳನ್ನು ಮತ್ತೆ ಕುಲುಮೆಯ ಬಾಯಿಗೆ ಹಿಡಿದು, ಮೈಯೆಲ್ಲ ಒಂದೇ ಹದಕ್ಕೆ ಕಾಯಿಸಿ, ಬೂದಿಯಲ್ಲಿ ಸಾಲಾಗಿ ಮಲಗಿಸಿದರು.

ಚೆಲುವನದು ಹೂಜಿಯಾಗಿ ಉಳಿದಿರಲಿಲ್ಲವಲ್ಲ, ಅದರ ಹರಳುಗಳನ್ನೇ ಕರಗಿಸಬೇಕಾಯಿತು. ಕುಲುಮೆಯವನು ಊದುಗೊಳವೆಯನ್ನು ಸೊಸೆಯ ಕೈಗೆ ಕೊಟ್ಟ. ಅವಳು ಊದಿದಳು. ಕೆಂಪು ಉಂಡೆ ಅರ್ಧ ಹಿಗ್ಗಿತು, ಅವಳ ಉಸಿರು ಬಿಕ್ಕಿನಲ್ಲಿ ಕಡಿಯಿತು. "ಇಲ್ಲಿ ಕೊಡೇ," ಅಂದಳು ಅತ್ತೆ. ಉಳಿದರ್ಧವನ್ನು ಅವಳು ಊದಿದಳು. ಹೂಜಿ ಸ್ವಲ್ಪ ಸೊಟ್ಟಗಾಯಿತು, ಒಂದು ಮಗ್ಗುಲು ತುಸು ಉಬ್ಬಿತು. ಇರಲಿ, ಅವನೂ ಸ್ವಲ್ಪ ಸೊಟ್ಟ ಮೂಗಿನವನೇ ಅಂದಳು ಅತ್ತೆ. ಸೊಸೆ ನಕ್ಕಳು. ಅಳುತ್ತಲೇ ನಕ್ಕಳು. ಅತ್ತೆ ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಅವತ್ತು ಹೊತ್ತು ಗುಡ್ಡಕ್ಕೆ ಇಳಿಯಿತು. ರೂಢಿಯಂತೆ ಕುಲುಮೆಯವನ ಕೈ ಇಕ್ಕಳದ ಕಡೆ ಹೋಯಿತು. ಹಿರಿಯಮ್ಮ ಆ ಇಕ್ಕಳವನ್ನು ತೆಗೆದುಕೊಂಡು ತನ್ನ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟಳು. ಜನ ಬೂದಿ ತೊಟ್ಟಿಲಿನ ಎರಡೂ ಬದಿಗೆ ಕೂತರು. ಕೆಲಸವಿಲ್ಲದೆ ಕೂತು ಆ ಊರಿಗೆ ಅಭ್ಯಾಸವಿರಲಿಲ್ಲ. ಸುಮ್ಮನೆ ಎಷ್ಟು ಹೊತ್ತು ಕೂರಲಾದೀತು? ಒಬ್ಬರು ತಮ್ಮ ಸತ್ತ ಮಾವ ಗೊರಕೆ ಹೊಡೆಯುತ್ತಿದ್ದ ರೀತಿ ಮಾಡಿ ತೋರಿಸಿದರು. ಇನ್ನೊಬ್ಬರು ತಮ್ಮ ತಂಗಿ ಕದ್ದು ಬೆಲ್ಲ ತಿಂದದ್ದು ಹೇಳಿದರು. ಮಾತು ಮಾತಿಗೂ ಹೆಸರು ಬರುತ್ತಿತ್ತು.

ದಿನಗಳು ಹೋದವು. ದಿನಾ ಬೆಳಿಗ್ಗೆ ಮೊಮ್ಮಗಳು ಎದ್ದವಳೇ ಓಡಿ ಬರುತ್ತಿದ್ದಳು. ಬೂದಿಯಲ್ಲಿ ಪುಟ್ಟ ಕೈ ತೂರಿಸಿ, ಸೊಟ್ಟ ಹೂಜಿಯ ಉಬ್ಬಿದ ಮಗ್ಗುಲನ್ನು ಹುಡುಕಿ ಅಂಗೈ ಇಡುತ್ತಿದ್ದಳು. ಅದು ಸುಡುತ್ತಿರಲಿಲ್ಲ. ನಿದ್ದೆಯಿಂದ ಎದ್ದ ಮೈಯಷ್ಟು ಬಿಸಿ. ಅಂಗೈಯನ್ನು ಹೊರತೆಗೆದು ನೋಡಿಕೊಳ್ಳುತ್ತಿದ್ದಳು, ಬೂದಿ ಮೆತ್ತಿರುತ್ತಿತ್ತು, ಕಲೆ ಇರುತ್ತಿರಲಿಲ್ಲ.

"ಅಜ್ಜಿ, ಅಪ್ಪ ಇನ್ನೂ ಬೆಚ್ಚಗಿದ್ದಾನೆ."

ಅಜ್ಜಿ ಎಡಗಿವಿಯ ಜೋತುಬಿದ್ದ ಓಲೆಯನ್ನು ಮುಟ್ಟಿಕೊಂಡಳು. ಪಕ್ಕದಲ್ಲಿ ಕೂತಿದ್ದ ಸೊಸೆಯ ಮಡಿಲಿಗೆ ಬೂದಿ ಹತ್ತಿದ ತನ್ನ ಕೈ ಇಟ್ಟಳು. ಸೊಸೆ ಆ ಕೈಯನ್ನು ಹಿಡಿದುಕೊಂಡಳು.

"ಇರಲಿ ಬಿಡೇ," ಅಂದಳು ಅಜ್ಜಿ. "ಮಲಗಿರಲಿ. ಹೊದಿಸು."

ಮಗು ಎರಡೂ ಕೈಯಲ್ಲಿ ಬೂದಿ ಎಳೆದು ಹೊದಿಸಿತು.